ಅತ್ತೆಯ ಎಡಗಾಲಿನ ಚಪ್ಪಲಿ

ಇವತ್ತು ಬೆಳಿಗ್ಗೆ ಗಾಂಧಿ ಬಜಾರಿನ ದೇವಸ್ಥಾನದ ಮುಂದೆ ಒಬ್ಬ ಹೆಂಗಸು ಒಂದು ಚಪ್ಪಲಿಯನ್ನು ಹೂವಿನ ಬುಟ್ಟಿಯ ಪಕ್ಕ ಬಿಟ್ಟು, ಇನ್ನೊಂದನ್ನು ಬಿಡಲು ರಸ್ತೆಯಾಚೆ ಹೋದರು. ಒಂಟಿ ಚಪ್ಪಲಿಯನ್ನು ಯಾವ ಕಳ್ಳನೂ ಮುಟ್ಟುವುದಿಲ್ಲವಲ್ಲ! ನೀವೂ ಮಾಡಿರುತ್ತೀರಿ, ನಗಬೇಡಿ. ನಾನಂತೂ ನಕ್ಕುಬಿಟ್ಟೆ. ನನಗೆ ನೆನಪಾದದ್ದು ಜಪಾನು.

ಹೋದ ವರ್ಷ ನನ್ನ ಸೋದರತ್ತೆಯ ಜೊತೆ ನಾರಾ ಎಂಬ ಊರಿನ ಹಳೆಯ ಷಿಂಟೋ ಗುಡಿಗೆ ಹೋಗಿದ್ದೆ. ಅತ್ತೆ ಚಾಮರಾಜಪೇಟೆಯಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು. ನಕ್ಷೆಯಲ್ಲಿ ಬೆರಳಿಟ್ಟು ತೋರಿಸುತ್ತಿದ್ದ ದೇಶಕ್ಕೆ ಕೊನೆಗೂ ಕಾಲಿಟ್ಟಿದ್ದಳು. ಆ ಕಾಲಿನದೇ ಕಥೆ. ಚಿಕ್ಕಂದಿನ ಪೋಲಿಯೋದಿಂದ ಅವಳ ಎಡಗಾಲು ತುಸು ಗಿಡ್ಡ. ಅದಕ್ಕೆಂದೇ ದಪ್ಪ ಅಟ್ಟೆ ಹಾಕಿಸಿದ ಚಪ್ಪಲಿ. ಯಾರಿಗೂ ಕಾಣದಂತೆ ಸೀರೆ ಇಳಿಬಿಟ್ಟು ನಡೆಯುವುದು ಅವಳ ಜೀವಮಾನದ ಅಭ್ಯಾಸ.

ಆಹಾ, ಏನು ದಾರಿ ಅದು! ಎರಡೂ ಕಡೆ ಪಾಚಿ ಕಟ್ಟಿದ ಕಲ್ಲಿನ ದೀಪಕಂಬಗಳು, ಬಸವನಗುಡಿಯ ಹಸುಗಳ ಗತ್ತಿನಲ್ಲೇ ಅಡ್ಡ ಬರುವ ಜಿಂಕೆಗಳು, ಕೊನೆಗೆ ಕುಂಕುಮದ ಬಣ್ಣದ ಹೆಬ್ಬಾಗಿಲು. ಎಲ್ಲರೂ ಬೂಟು ಹಾಕಿಕೊಂಡೇ ಒಳಗೆ ಹೋಗುತ್ತಿದ್ದರು. ಅತ್ತೆ ಒಪ್ಪಬೇಕಲ್ಲ!

"ಅವ್ರ ಪದ್ಧತಿ ಅವ್ರಿಗೆ. ಚಪ್ಪಲೀಲಿ ದೇವ್ರ ಹತ್ರ ಹೋದ್ರೆ ನಂಗೆ ನಿದ್ದೆ ಬರಲ್ಲ," ಅಂದವಳೇ ಬಲಗಾಲಿನದನ್ನು ಒಂದು ದೀಪಕಂಬದ ಹಿಂದೆ, ಎಡಗಾಲಿನದನ್ನು ಹತ್ತು ಹೆಜ್ಜೆ ಆಚೆ ದಾರಿಯಂಚಿನಲ್ಲಿ ಬಿಟ್ಟು, ನನ್ನ ತೋಳು ಹಿಡಿದು ನಡೆದಳು. ಬಗ್ಗಿ, ಎರಡು ಸಲ ಚಪ್ಪಾಳೆ ತಟ್ಟುವುದು ಅಲ್ಲಿನ ನಮಸ್ಕಾರದ ಕ್ರಮ. ಅತ್ತೆ ತಟ್ಟಿದ ಜೋರಿಗೆ ಪಕ್ಕದವರು ತಿರುಗಿ ನೋಡಿದರು. ನನಗೆ ನಾಚಿಕೆ, ಅವಳಿಗೆ ಸಂಭ್ರಮ!

ಹೊರಗೆ ಬಂದರೆ ಬಲಗಾಲಿನದು ಕಂಬದ ಹಿಂದೆಯೇ ಇದೆ, ಎಡಗಾಲಿನದು ಇಲ್ಲ.

"ಜಿಂಕೆ ತಿಂದ್ಬಿಟ್ಟಿರತ್ತೆ ಕಣೇ," ಅಂದವಳೇ ದೀಪಕಂಬ ಹಿಡಿದು ನಿಂತಳು. ಅದಿಲ್ಲದೆ ಅವಳು ಹೆಚ್ಚು ದೂರ ನಡೆಯಲಾರಳು, ಪ್ರವಾಸ ಇನ್ನೂ ಎಂಟು ದಿನ ಬಾಕಿ. "ಟಿಕೆಟ್ ನೋಡು, ಊರಿಗೆ ಹೋಗ್ಬಿಡೋಣ."

ನಾನು ಗುಡಿಯ ಕಚೇರಿಗೆ ಓಡಿದೆ. ಅಲ್ಲಿ ಒಂದು ತಟ್ಟೆಯಲ್ಲಿ, ಬಿಳಿ ಬಟ್ಟೆಯ ಮೇಲೆ ಕೂತಿತ್ತು ಚಪ್ಪಲಿ! ಒಂಟಿಯಾಗಿ ಬಿದ್ದಿದ್ದರಿಂದ ಯಾರೋ ಕಳೆದುಕೊಂಡಿದ್ದಾರೆಂದು ತಂದಿಟ್ಟರಂತೆ. ಜೋಡಿಯಾಗಿದ್ದರೆ ಮುಟ್ಟುತ್ತಲೇ ಇರಲಿಲ್ಲವೆಂದು ಅಲ್ಲಿದ್ದ ಮುದುಕರೊಬ್ಬರು ಫೋನಿನಲ್ಲಿ ಅನುವಾದಿಸಿ ತೋರಿಸಿದರು.

ಅವರೇ ಬಂದು ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಮಂಡಿಯೂರಿ, ಚಪ್ಪಲಿಯನ್ನು ಎರಡೂ ಕೈಯಲ್ಲಿ ಹಿಡಿದರು. ಅತ್ತೆ ಅಭ್ಯಾಸದಂತೆ ಸೀರೆ ಕೆಳಗೆಳೆದುಕೊಂಡಳು. ಅವರು ತಲೆ ತಗ್ಗಿಸಿ ಸುಮ್ಮನೆ ಕಾದರು. ಸ್ವಲ್ಪ ಹೊತ್ತಾದ ಮೇಲೆ ಅವಳೇ ಅಂಚು ಎತ್ತಿ ಕಾಲು ಚಾಚಿದಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ನಾನು ಆ ಕಾಲನ್ನು ಸರಿಯಾಗಿ ನೋಡಿದ್ದು ಅವತ್ತೇ.

"ಏನ್ ಹಂಗ್ ನೋಡ್ತೀಯ? ಕಾಲು ಕಣೇ," ಅಂದಳು.

ಇವತ್ತು ದೇವಸ್ಥಾನದಿಂದಲೇ ಅವಳಿಗೆ ಫೋನ್ ಮಾಡಿದೆ. ಹೊಸ ಚಪ್ಪಲಿಗೆ ಅಳತೆ ಕೊಡುತ್ತ ಕೂತಿದ್ದಳು.

"ಈ ಸಲ ಕೆಂಪು ಬಣ್ಣದ್ದು ಮಾಡಿಸ್ತಿದೀನಿ," ಅಂದಳು. "ಎದ್ದು ಕಾಣ್ಬೇಕು."