ಕೆಳಗಿನ ಶಾಲೆಯ ಬೆಂಚುಗಳು

ಗಟ್ಟಿಮಾವನ ಕೈ ಬಿದ್ದ ಬೆಂಚು ಅಲ್ಲಾಡಬೇಕಾದರೆ ಭೂಕಂಪವೂ ಮೊದಲು ಅವನ ಅಪ್ಪಣೆ ಕೇಳಬೇಕಿತ್ತು. ಹೀಗೆಂದು ಊರವರು ಹೇಳುತ್ತಿದ್ದರು. ಊರವರಿಗೆ ಹೇಳಿಕೊಟ್ಟವನು ಗಟ್ಟಿಮಾವನೇ. ಕಸುಬಿನಲ್ಲಿ ಬಡಗಿ. ಮೀಸೆಯಲ್ಲಿ ಸದಾ ಮರದ ಹೊಟ್ಟು, ಕಿವಿಯ ಮೇಲೆ ಪೆನ್ಸಿಲು. ತಾನು ಮಾಡಿದ ಕುರ್ಚಿಯ ಮೇಲೆ ಆನೆ ಕೂತರೆ ನೋವಾಗುವುದು ಆನೆಗೇ ಎಂಬುದು ಅವನ ನಂಬಿಕೆ.

ಊರಿಗೆ ಎರಡು ಸರ್ಕಾರಿ ಶಾಲೆ, ದಿಣ್ಣೆಯ ಮೇಲೊಂದು, ತಗ್ಗಿನಲ್ಲೊಂದು. ಯಾವ ಬಡಾವಣೆಯ ಮನೆಗಂದಾಯವೋ ಅದು ಆ ಬಡಾವಣೆಯ ಶಾಲೆಗೇ ಸಲ್ಲತಕ್ಕದ್ದು ಎಂದು ಶಾಲಾ ಮಂಡಳಿಯ ನಿಯಮ. ದಿಣ್ಣೆಯ ಮನೆಗಳೋ, ಅಡುಗೆಮನೆಯಿಂದ ಹಜಾರಕ್ಕೆ ಹೊರಟವರು ಬುತ್ತಿ ಕಟ್ಟಿಕೊಳ್ಳಬೇಕು, ಅಷ್ಟು ದೊಡ್ಡವು. ತಗ್ಗಿನಲ್ಲಿ ಒಬ್ಬ ಸೀನಿದರೆ ಮೂರನೆಯ ಮನೆಯವನು ಮೂಗು ಒರೆಸಿಕೊಳ್ಳಬೇಕು. ಹಾಗಾಗಿ ಮೇಲಿನ ಶಾಲೆಗೆ ಹೊಸ ಬೆಂಚು. ಅವರು ಕೂತು ಸವೆಸಿದ್ದು ಕೆಳಗಿನ ಶಾಲೆಗೆ ಉಡುಗೊರೆ.

ಗಟ್ಟಿಮಾವ ಓದಿದ್ದು ಕೆಳಗಿನ ಶಾಲೆಯಲ್ಲೇ. ಮಂಡಳಿಯವರು ವರ್ಷಕ್ಕೊಮ್ಮೆ ನೋಡಲು ಬರುವ ಮುಂಚೆ ಅವನು ಹೋಗಿ, ಸಡಿಲಾದ ಕೀಲುಗಳಿಗೆ ಬೆಣೆ ಹೊಡೆದು, ಅಂಟು ಹಚ್ಚಿ, ಬಿಟ್ಟಿಯಾಗಿ ಎಲ್ಲವನ್ನೂ ಕಲ್ಲಿನಂತೆ ನಿಲ್ಲಿಸುತ್ತಿದ್ದ. ಮಂಡಳಿಯವರು ಬಂದು ಕೂತು, "ಎಲ್ಲಾ ಭದ್ರವಾಗಿದೆಯಲ್ಲ!" ಎಂದು ಎದ್ದು ಹೋಗುತ್ತಿದ್ದರು. ಆಗ ಅವನ ಎದೆ ಎಷ್ಟು ಉಬ್ಬುತ್ತಿತ್ತೆಂದರೆ, ಹಾರಿದ ಅಂಗಿಗುಂಡಿ ತಪ್ಪಿಸಿಕೊಳ್ಳಲು ಎದುರಿನವರು ಬಗ್ಗಬೇಕಿತ್ತು.

ಈ ವರ್ಷ ಅವನು ಉಳಿ, ಸುತ್ತಿಗೆ ಹಿಡಿದು ಹೊರಟಾಗ ಬಾಗಿಲಿಗೆ ಅಡ್ಡ ನಿಂತವಳು ಅವನ ಅಕ್ಕ, ಅದೇ ಶಾಲೆಯ ಆಯಾ.

"ಎಲ್ಲಿಗೋ ಸವಾರಿ?"

"ಇನ್ನೆಲ್ಲಿಗಕ್ಕಾ? ನಾಳೆ ಮಂಡಳಿಯವರು ಬರ್ತಾರಲ್ಲ."

"ಮನೇಲೇ ಬಿದ್ದಿರು. ಹೊಸ ಬೆಂಚು ಬರದೇ ಇರೋದು ನಿನ್ನಿಂದಲೇ."

"ನನ್ನಿಂದಾನಾ? ನಾನಿಲ್ದೆ ಇದ್ರೆ ಮಕ್ಕಳು ನೆಲದ ಮೇಲೆ ಕೂರ್ತಿದ್ವು!"

"ನೀನು ನೆಟ್ಟಗೆ ನಿಲ್ಸಿ ತೋರಿಸ್ತೀಯ, ಅವರು 'ಇವರಿಗೇನು ಕಮ್ಮಿ' ಅಂದ್ಕೊಂಡು ಹೋಗ್ತಾರೆ. ತಿಂಗಳು ಕಳೆದ್ರೆ ಎಲ್ಲಾ ಮತ್ತೆ ಕಿರ್ ಅಂತವೆ. ನಿನ್ನೆ ಮೂರನೇ ಕ್ಲಾಸಿನ ಹುಡುಗಿ ಬಿದ್ದು ಮೊಣಕೈ ತರಚಿಕೊಂಡ್ಳು, ಗೊತ್ತಾ?"

"ನಾನು ಹೊಡೆದ ಬೆಣೆ ಬಿಡ್ತಾ? ಸಾಧ್ಯಾನೇ ಇಲ್ಲ!"

"ಮರಾನೇ ಕೊಳೆತಿದ್ರೆ ಬೆಣೆ ಏನೋ ಮಾಡುತ್ತೆ, ಪೆದ್ದ?"

ಮುಟ್ಟದಿದ್ದರೆ ಊರೆಲ್ಲ ಗಟ್ಟಿಮಾವನ ಕೈ ಸೋತಿತು ಎನ್ನುತ್ತದೆ. ಮುಟ್ಟಿದರೆ ಹೊಸ ಬೆಂಚು ಬಾರದೆ ಆ ಹುಡುಗಿಯ ಇನ್ನೊಂದು ಮೊಣಕೈಯೂ ತರಚೀತು. ಕೊನೆಗೆ ಗಟ್ಟಿಮಾವ ಸುತ್ತಿಗೆಯನ್ನು ಚೀಲಕ್ಕೆ ಹಾಕಿ, ಕೈ ಮಾತು ಕೇಳದೆ ಓಡಿಬಿಟ್ಟೀತೆಂದು ಎರಡು ಕೈಯನ್ನೂ ಕಂಕುಳಲ್ಲಿ ಅದುಮಿಕೊಂಡು ಕೂತ.

ಮರುದಿನ ಮಂಡಳಿಯ ಅಧ್ಯಕ್ಷರು ಸದಸ್ಯರ ಸಮೇತ ಮುಂದಿನ ಬೆಂಚಿನ ಮೇಲೆ ಆಸೀನರಾದರು. ಅಧ್ಯಕ್ಷರದು ಸಣ್ಣ ಶರೀರವಲ್ಲ. ಅವರು ಬಾಗಿಲಲ್ಲಿ ನಿಂತರೆ ಒಳಗೆ ದೀಪ ಹಚ್ಚಬೇಕು.

"ಎರಡು ಶಾಲೆನೂ ನಮಗೆ ಎರಡು ಕಣ್ಣಿದ್ದ ಹಾಗೆ. ಭೇದ ಅನ್ನೋದೇ..."

ಇಲ್ಲ ಎನ್ನುವಷ್ಟರಲ್ಲಿ ಬೆಂಚು ಲಟಕ್ಕೆಂದು ಮುರಿದು ಇಡೀ ಮಂಡಳಿ ನೆಲ ಕಂಡಿತು. ಮಕ್ಕಳ ನಗು ಕೇಳಿ, ದಿಣ್ಣೆಯ ಶಾಲೆಯವರು ಬೇಸಿಗೆ ರಜೆ ಶುರುವಾಯಿತೆಂದು ಮನೆಗೆ ಓಡಿದರಂತೆ. ಎದ್ದು ಇನ್ನೊಂದು ಬೆಂಚು ನೋಡಿದರು, ಅದೂ ವಾಲಿತು. ಸಭೆ ನಿಂತುಕೊಂಡೇ ನಡೆಯಿತು.

"ಮೇಲಿನ ಮಕ್ಕಳ ಸೊಂಟಾನೇ ಬೇರೆ, ನಮ್ಮ ಮಕ್ಕಳ ಸೊಂಟಾನೇ ಬೇರೆನಾ ಸ್ವಾಮಿ?" ಎಂದು ಅಕ್ಕ ಬಾಗಿಲಿನಿಂದಲೇ ಕೇಳಿದಳು. ಸದಸ್ಯರು ತಮ್ಮ ತಮ್ಮ ಸೊಂಟ ಒತ್ತಿಕೊಂಡರು. ಇನ್ನು ಮೇಲೆ ಇಡೀ ಊರಿನ ಕಂದಾಯ ಒಟ್ಟುಗೂಡಿಸಿ, ಮಕ್ಕಳ ತಲೆ ಎಣಿಸಿ ಎರಡು ಶಾಲೆಗೂ ಹಂಚುವುದೆಂದು ತೀರ್ಮಾನವಾಯಿತು.

ಹೊರಡುವಾಗ ಗೇಟಿನ ಬಳಿ ಅಧ್ಯಕ್ಷರಿಗೆ ಗಟ್ಟಿಮಾವ ಎದುರಾದ.

"ಏನಯ್ಯಾ, ನಿನ್ನ ಕೈ ಬಿದ್ದ ಬೆಂಚು ಭೂಕಂಪಕ್ಕೂ ಅಲ್ಲಾಡಲ್ಲ ಅಂತಿದ್ದೆ? ನಾನು ಕೂತಿದ್ದೇ ಸಾಕಾಯ್ತಲ್ಲ!"

ಗಟ್ಟಿಮಾವ ಕಂಕುಳಿಂದ ಕೈ ತೆಗೆದು, ಮೀಸೆಯ ಹೊಟ್ಟು ಕೊಡವಿದ.

"ಕೈ ಬಿದ್ದಿದ್ರೆ ತಾನೇ ಸ್ವಾಮಿ! ಈ ಸಲ ನಾನು ಮುಟ್ಟೇ ಇಲ್ಲ."