ಬಿರುಕಿನ ಮೇಲಿನ ಚೀಟಿಗಳು

ಅವರ ಬಲಗೈ ಹೆಬ್ಬೆರಳಿನ ಉಗುರಿನ ಸುತ್ತ ಯಾವಾಗಲೂ ಒಣಗಿದ ಗೋಂದು ಅಂಟಿರುತ್ತಿತ್ತು. ಮಾತಾಡುತ್ತ ಅದನ್ನು ಕೆರೆದು ತೆಗೆಯುತ್ತಿದ್ದರು. ಪಾಠಕ್ಕೆ ನಕಾಶೆ, ಚಿತ್ರ ಅಂಟಿಸಿ ಮರುದಿನ ಮತ್ತೆ ಅಷ್ಟೇ ಗೋಂದು. ಅದೇ ಕೈಯಲ್ಲಿ ಚಹಾದ ಬಸಿ ಹಿಡಿಯುತ್ತಿದ್ದರು, ಅದೇ ಕೈಯಿಂದ ನಮ್ಮ ಕಿವಿಯನ್ನೂ ಹಿಂಡುತ್ತಿದ್ದರು. ಹೈಸ್ಕೂಲಿನಲ್ಲಿ ನನಗೆ ಇತಿಹಾಸ ಕಲಿಸಿದ ಮಾಸ್ತರು ಅವರು.

ಮುಳಗುಂದದ ಆಚೆಗಿನ ಹಳ್ಳಿಯೊಂದರ ಶಾಲೆ ನಮ್ಮದು. ಅಲ್ಲಿಯದು ಎರೆ ನೆಲ. ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಮೇಲೆ ನಿಂತ ಗೋಡೆ ಪಾಪ ಏನು ಮಾಡೀತು? ಎಂಟನೆಯ ತರಗತಿಯ ಕೋಣೆಯ ಕಲ್ಲು-ಮಣ್ಣಿನ ಗೋಡೆಯಲ್ಲಿ ಸೂರಿನಿಂದ ನೆಲದವರೆಗೆ ಒಂದು ಬಿರುಕು ಇಳಿದಿತ್ತು. ಮಾಸ್ತರು ಅದರ ಮೇಲೆ ಅಡ್ಡಲಾಗಿ ಒಂದು ಕಾಗದದ ಚೀಟಿ ಅಂಟಿಸಿ, ಅಂಟಿಸಿದ ದಿನಾಂಕ ಬರೆಯುತ್ತಿದ್ದರು. ಗೋಡೆ ಸರಿದರೆ ಚೀಟಿ ಹರಿಯುತ್ತದೆ. ಹರಿದ ದಿನ ಅದರ ಕೆಳಗೆ ಇನ್ನೊಂದು ಚೀಟಿ. ನಾನು ಬಿ.ಎ. ಮುಗಿಸಿ, ಬಿ.ಎಡ್. ಸೀಟಿಗೆ ಅರ್ಜಿ ಹಾಕಿ, ಅವರ ಪಾಠ ನೋಡಿ ಕಲಿಯೋಣವೆಂದು ಹೋದ ಜೂನಿನಲ್ಲಿ ಗೋಡೆಯ ಮೇಲೆ ಅಂಥ ಐದು ಚೀಟಿಗಳಿದ್ದವು. ಐದೂ ನಡುವೆ ಹರಿದಿದ್ದವು.

ಕಡೆಯ ಬೆಂಚಿನಲ್ಲಿ ಕೂತು ನಾನು ಟಿಪ್ಪಣಿ ಬರೆಯುತ್ತಿದ್ದೆ. ಯಾವ ಮಗು ಏನು ಉತ್ತರ ಹೇಳಲಿ, ಅವರದು ಒಂದೇ ಪ್ರಶ್ನೆ: "ಹೆಂಗ ಗೊತ್ತಾತು ನಿನಗ?"

"ಪುಸ್ತಕದಾಗ ಐತ್ರಿ ಸರ."

"ಪುಸ್ತಕ ಬರದಾಂವಗ ಹೆಂಗ ಗೊತ್ತಾತು?"

ಒಂದು ದಿನ ಪುಸ್ತಕ ಮುಚ್ಚಿಸಿ, ಆ ಬಿರುಕಿನ ಇತಿಹಾಸ ಬರೆಯಿರಿ ಎಂದರು. ಮಕ್ಕಳು ಮುಗಿಬಿದ್ದು ದಿನಾಂಕಗಳನ್ನು ಓದಿದರು. ಮೊದಲ ಚೀಟಿ ವರ್ಷ ಬಾಳಿತ್ತು, ಎರಡನೆಯದು ಏಳು ತಿಂಗಳು, ನಾಲ್ಕನೆಯದು ಬರೀ ಒಂದು ತಿಂಗಳು. "ಜಲ್ದಿ ಜಲ್ದಿ ಹರಿಯಾಕತ್ತಾವ್ರಿ ಸರ" ಎಂದಳು ಮುಂದೆ ಕೂತ ಹುಡುಗಿಯೊಬ್ಬಳು. "ಶಾಣ್ಯಾಕಿ. ಹಂಗಾರ ಮುಂದ?" ಎಂದು ಮಾಸ್ತರು ಕೇಳಿದರು. ಗೋಡೆಯ ಪಕ್ಕ ಕೂತ ಹುಡುಗರು ಬೆಂಚು ಈಚೆ ಎಳೆದುಕೊಂಡರು.

ಆ ಕೋಣೆ ಮುಚ್ಚಿಸಿ ಎಂದು ಅವರು ಬರೆದ ಅರ್ಜಿಗಳಿಗೆ ಲೆಕ್ಕವಿಲ್ಲ. ಕೊನೆಗೆ ಜುಲೈಯಲ್ಲಿ ಎಂಜಿನಿಯರ್ ಬರುತ್ತಾರೆಂಬ ಖಬರು ಬಂತು. ಹಿಂದಿನ ದಿನ ಮಾಸ್ತರು ಏನೋ ಸಭೆಗೆಂದು ಗದಗಕ್ಕೆ ಹೋಗಿದ್ದರು. ಹೆಡ್‌ಮಾಸ್ತರು ನನ್ನನ್ನು ಕರೆದು, "ನಾಳೆ ಸಾಹೇಬ್ರು ಬರಾಕತ್ತಾರ. ಖೋಲಿ ಒಂದೀಟು ಛಲೋ ಕಾಣೂವಂಗ ಮಾಡವಾ" ಎಂದರು.

ನನ್ನದು ಮುತ್ತಿನಂಥ ಅಕ್ಷರ ಎಂದು ಎಲ್ಲರೂ ಹೊಗಳಿ ಹೊಗಳಿ ನನ್ನನ್ನು ಕೆಡಿಸಿದ್ದರು. ಕಸ ಹೊಡೆಸಿದೆ, ನಕಾಶೆಗಳ ಧೂಳು ಒರೆಸಿದೆ. ಆಮೇಲೆ ಆ ಹರಕು ಚೀಟಿಗಳು ಕಣ್ಣಿಗೆ ಬಿದ್ದವು. ಜೋತು ಬಿದ್ದು, ಹಳದಿಯಾಗಿ, ನೊಣದ ಹಿಕ್ಕೆ ಹತ್ತಿ ಅಸಹ್ಯ ಕಾಣುತ್ತಿದ್ದವು. ಮಾಸ್ತರ ಮಾನ ಹೋಗಬಾರದು, ದಿನಾಂಕ ಉಳಿದರೆ ಸಾಕು ಎಂದುಕೊಂಡು ಐದನ್ನೂ ಕಿತ್ತೆ. ಬಿಳಿ ಕಾಗದ ಕತ್ತರಿಸಿ, ಅವೇ ಹಳೆಯ ದಿನಾಂಕಗಳನ್ನು ದುಂಡಗೆ ಬರೆದು, ಅವೇ ಜಾಗದಲ್ಲಿ ಅಂಟಿಸಿದೆ. ದೂರ ನಿಂತು ಫೋನಿನಲ್ಲಿ ಫೋಟೊ ಬೇರೆ ಹೊಡೆದುಕೊಂಡೆ. ಹಳೆಯವನ್ನು ಕಸದ ಜೊತೆ ಸುಟ್ಟೆ. ಇತಿಹಾಸ ಕಲಿಸಲು ಹೊರಟವಳು ನಾನು!

ಮರುದಿನ ಎಂಜಿನಿಯರ್ ಚೀಟಿಗಳನ್ನು ನೋಡಿ ನಕ್ಕರು. "ಏನ್ರಿ ಮಾಸ್ತರ, ಎರಡು ವರ್ಷದ ಹಿಂದಿನ ಚೀಟಿನೂ ಹರದಿಲ್ಲ. ಗ್ವಾಡಿ ಗಟ್ಟಿ ಐತಿ ಅಂತ ನೀವ ಬರದು ಹಚ್ಚೀರಲ್ಲ."

ಮಾಸ್ತರು ಕನ್ನಡಕ ಹಾಕಿಕೊಂಡು ಹತ್ತಿರ ಹೋದರು. ಒಂದೊಂದನ್ನೇ ಓದಿದರು. "ಇವು ಹೊಸವು ಅದಾವ್ರಿ. ಹಳೇವು ಎಲ್ಲಾ ಹರದಿದ್ದುವು" ಎಂದರು.

"ಯಾರು ಬದಲಿ ಮಾಡಿದ್ರು ಮತ್ತ?"

ಮಾಸ್ತರು ತಿರುಗಿ ನನ್ನ ಕಡೆ ನೋಡಿದರು. ನನ್ನ ಅಕ್ಷರ ಅವರಿಗೆ ಗೊತ್ತಿಲ್ಲದ್ದೇ? ಹೆಸರು ಹೇಳಲಿಲ್ಲ, ನಾನಾಗಿಯೇ ಹೇಳಲಿ ಎಂದು ಕಾದರು. ಬಾಗಿಲ ಬಳಿ ನಿಂತಿದ್ದ ನಾನು ನೆಲ ನೋಡಿದೆ. ಆ ಗಳಿಗೆಯ ನನ್ನ ಹೇಡಿತನಕ್ಕೆ ಇವತ್ತಿಗೂ ನನಗೆ ನನ್ನ ಮೇಲೆ ಅಸಹ್ಯವಿದೆ. ಎಂಜಿನಿಯರ್ 'ಅಪಾಯವಿಲ್ಲ' ಎಂದು ಬರೆದು, ಚಹಾ ಕುಡಿದು ಹೋದರು.

ಮಾಸ್ತರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸಂಜೆ ಪಡಸಾಲೆಯಲ್ಲಿ, "ಹರಕ ಇದ್ದದ್ದು ಹರಕನ ಇರಬೇಕವಾ. ಅದನ್ನ ಚಂದ ಮಾಡೂದು ನಮ್ಮ ಕೆಲಸಲ್ಲ" ಎಂದಷ್ಟೇ ಹೇಳಿ ಸೈಕಲ್ ಹತ್ತಿದರು. ಮರುದಿನ ನನ್ನ ಚೀಟಿಗಳನ್ನೆಲ್ಲ ತೆಗೆದು, ಅವತ್ತಿನ ದಿನಾಂಕದ ಒಂದೇ ಒಂದು ಚೀಟಿ ಅಂಟಿಸಿದರು. ಅದು ಒಂಬತ್ತು ದಿನಕ್ಕೆ ಹರಿಯಿತು.

ಅವರು ತರಗತಿಯನ್ನು ಪಡಸಾಲೆಗೆ ತಂದರು. ಶ್ರಾವಣದ ಮಳೆ ಓರೆಯಾಗಿ ಹೊಡೆದು ಮಕ್ಕಳ ಪಾಟಿಚೀಲ ತೊಯ್ದವು. ಬೇರೆ ಕೋಣೆ ಇರಲಿಲ್ಲ. ಎಂಜಿನಿಯರ್ ವರದಿಯನ್ನು ಮುಂದೆ ಮಾಡಿ ಹೆಡ್‌ಮಾಸ್ತರು ಎಲ್ಲರನ್ನೂ ಒಳಗೆ ಕಳಿಸಿದರು. ಆಗ ಮಾಸ್ತರು ಬೆಂಚುಗಳನ್ನೆಲ್ಲ ಎದುರಿನ ಗೋಡೆಗೆ ಒತ್ತಿಸಿದರು. ಮಕ್ಕಳು ಒಬ್ಬರ ಮೇಲೊಬ್ಬರು ಬೀಳುವಷ್ಟು ಒತ್ತಾಗಿ ಕೂತರು. ತಮ್ಮ ಕುರ್ಚಿಯನ್ನು ಮಾತ್ರ ಬಿರುಕಿನ ಪಕ್ಕಕ್ಕೇ ಹಾಕಿಕೊಂಡರು. "ನೀವ್ಯಾಕ್ರಿ ಸರ ಅಲ್ಲಿ?" ಎಂದೆ. "ನಾ ಇಲ್ಲಿ ಕುಂತರ ಈ ಹುಡುಗೂರು ಯಾವೂ ಈ ಕಡೆ ಸುಳಿಯೂದಿಲ್ಲ" ಎಂದರು. ಅದಾದ ಮೇಲೆ ಅವರ ಪಾಠದ ಒಂದು ಮಾತೂ ನನ್ನ ತಲೆಗೆ ಹೋಗಲಿಲ್ಲ. ಗೋಡೆಯನ್ನೇ ನೋಡುತ್ತ ಕೂತಿರುತ್ತಿದ್ದೆ.

ಒಂದು ಬುಧವಾರ ಮೂರನೆಯ ಪಿರಿಯಡ್ಡಿನಲ್ಲಿ ಮೊದಲು ಮಣ್ಣು ಉದುರಿತು. "ಹೊರಗ ನಡೀರಿ, ನೂಕಾಡಬ್ಯಾಡ್ರಿ" ಎಂದು ಅವರು ಎದ್ದರು. ಬಾಗಿಲು ಮಕ್ಕಳ ಕಡೆಗಿತ್ತು. ಎಲ್ಲರೂ ಹೊರಬಿದ್ದೆವು. ಹಿಂದೆ ಬರುತ್ತಿದ್ದ ಅವರ ಮೇಲೆ ಗೋಡೆ ಬಿತ್ತು.

ಊರವರು ಕಲ್ಲು ಸರಿಸಿ, ಅವರನ್ನು ಟಂಟಂ ಆಟೊದಲ್ಲಿ ಹಾಕಿಕೊಂಡು ಗದಗಿನ ಆಸ್ಪತ್ರೆಗೆ ಒಯ್ದರು. ಮೂರನೆಯ ದಿನ ನನ್ನನ್ನು ಒಳಗೆ ಬಿಟ್ಟರು. ಮಂಚದ ಪಕ್ಕ ನಿಂತು, "ಚೀಟಿ ಬದಲಿ ಮಾಡಿದಾಕಿ ನಾನ್ರಿ ಸರ" ಎಂದು ಅತ್ತೆ. ಉಸಿರು ಹಿಡಿದು ಹಿಡಿದು ಹೇಳಿದರು: "ನನಗ ಗೊತ್ತೈತಿ. ನನಗ್ಯಾಕ ಹೇಳ್ತಿ?" ಅವತ್ತೇ ರಾತ್ರಿ ತೀರಿಕೊಂಡರು.

ವಿಚಾರಣೆಗೆ ಅಧಿಕಾರಿ ಬಂದರು. ಮೇಜಿನ ಮೇಲೆ ಎಂಜಿನಿಯರ್ ವರದಿಯಿತ್ತು. ಮಾಸ್ತರೇ ಸುಳ್ಳು ದಿನಾಂಕದ ಚೀಟಿ ಅಂಟಿಸಿದ್ದರು, ಅದರಿಂದಲೇ ಎಲ್ಲರೂ ದಾರಿ ತಪ್ಪಿದರು ಎಂದು ಬರೆದುಕೊಳ್ಳುತ್ತಿದ್ದರು. ಹೆಡ್‌ಮಾಸ್ತರು ನನ್ನನ್ನು ಬದಿಗೆ ಕರೆದರು. ಚೀಟಿ ಬದಲಿಸಿದವಳು ನಾನೆಂದು ಅವರಿಗೂ ಗೊತ್ತಿತ್ತು. "ಸೀಟ್ ಸಿಕ್ಕೈತಿ ನಿನಗ. ಸುಮ್ನ ಹೋಗಿ ಕಲೀವಾ. ಹೋದಾವ್ರು ಹೋದ್ರು" ಎಂದರು.

ಸೀಟಿನ ಆಸೆ ನನಗಿರಲಿಲ್ಲವೆಂದಲ್ಲ. ಆದರೂ ಒಳಗೆ ಹೋಗಿ, ಅಧಿಕಾರಿಯ ಮುಂದೆ ನಿಂತು, ಒಂದು ಹಾಳೆ ಕೊಡಿ ಎಂದೆ. ಚೀಟಿಗಳು ಹರಿದಿದ್ದವು, ಕಿತ್ತು ಸುಟ್ಟವಳು ನಾನು, ಕೇಳಿದಾಗ ಸುಮ್ಮನಿದ್ದವಳೂ ನಾನು ಎಂದು ಬರೆದು ಹೆಸರು ಹಾಕಿದೆ. ಆ ಮಾತನ್ನು ಜುಲೈಯಲ್ಲಿ ಬಾಯಿಬಿಟ್ಟು ಹೇಳಿದ್ದರೆ ನನ್ನ ಮಾಸ್ತರು ಬದುಕಿರುತ್ತಿದ್ದರು.