ಕೀಬೋರ್ಡು ಕಿತ್ತ ಮೇಲೂ ಇಳಿದ ಸಾಲುಗಳು

ಕಳೆದ ವರ್ಷದ ಆಷಾಢದ ಮಾತು. ಮಳವಳ್ಳಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಸುತ್ತಲ ಹಳ್ಳಿಯವರಿಗೆ ಆನ್‌ಲೈನ್ ಅರ್ಜಿ ತುಂಬಿಕೊಡುತ್ತಿದ್ದೆ. ಬೆಳಿಗ್ಗೆ ದೇವರ ದೀಪ, ಅಡುಗೆ, ಅತ್ತೆಯ ಮಾತ್ರೆ; ಹತ್ತು ಗಂಟೆಯಿಂದ ಅರ್ಜಿ. ಹುದ್ದೆ ಅಂತ ಹೇಳಿಕೊಳ್ಳುವಂಥದ್ದಲ್ಲ. ಆದರೂ ಆರು ವರ್ಷದಿಂದ ಮಾಡಿಕೊಂಡು ಬಂದ ಕೆಲಸ.

ಆ ಕಂಪ್ಯೂಟರ್ ಅಂಗಡಿಯಿಂದ ಇಡಿಯಾಗಿ ತಂದದ್ದಲ್ಲ. ನಮ್ಮ ಯಜಮಾನರು ಟಿ.ವಿ. ರಿಪೇರಿಯವರು. ಮಂಡ್ಯದಿಂದ ಒಂದೊಂದೇ ಭಾಗ ತಂದು, ನೆಲದ ಮೇಲೆ ಹಳೇ ಪೇಪರ್ ಹಾಸಿಕೊಂಡು ಜೋಡಿಸಿದ್ದು. ಭಾಗಗಳನ್ನೆಲ್ಲ ಹೊತ್ತ ಪೆಟ್ಟಿಗೆಗೆ ಕ್ಯಾಬಿನೆಟ್ ಅನ್ನುತ್ತಾರೆ. ನಮ್ಮದರ ಮುಚ್ಚಳಕ್ಕೆ ಇವತ್ತಿಗೂ ಒಂದು ಸ್ಕ್ರೂ ಕಮ್ಮಿ. ಆ ಆಷಾಢಕ್ಕೆ ಹಿಂದಿನ ಮಾಘದಲ್ಲಿ ಅವರು ಹೋದರು. ಎದೆ ಹಿಡಿದುಕೊಂಡರು, ನೀರು ತರುವಷ್ಟರಲ್ಲಿ ಆಗಿಹೋಗಿತ್ತು. ಹೆಚ್ಚು ನರಳಲಿಲ್ಲ, ಅದೊಂದು ದೇವರ ದಯೆ. ಹನ್ನೊಂದನೇ ದಿನದ ತಿಥಿ ಮುಗಿದ ಮೇಲೆ, ನಮ್ಮಲ್ಲಿ ರೂಢಿಯಿರುವ ಹಾಗೆ, ಅವರು ತೊಟ್ಟಿದ್ದು, ಹೊದ್ದಿದ್ದು, ಕೈಯಲ್ಲಿ ಹಿಡಿದಿದ್ದನ್ನೆಲ್ಲ ಎರಡು ಮೂಟೆ ಕಟ್ಟಿ ಕೊಟ್ಟುಬಿಟ್ಟೆವು. ಕಂಪ್ಯೂಟರ್ ಮಾತ್ರ ಉಳಿಯಿತು, ಅನ್ನ ಕೊಡುವ ಸಾಮಾನು ಅಂತ.

ಆಷಾಢದಲ್ಲಿ ಅದಕ್ಕೆ ಏನೋ ಬಡಿಯಿತು. ಮಧ್ಯಾಹ್ನ ಊಟವಾಗಿ ಕೂತರೆ ಸಾಕು, ಯಾರೋ ಎಂಟರ್ ಕೀ ಒತ್ತಿದ ಹಾಗೆ ಕರ್ಸರ್, ಅಂದರೆ ಪರದೆಯ ಮೇಲೆ ಮಿಣುಕುವ ಗೆರೆ, ತಾನೇ ಕೆಳಗಿಳಿಯುತ್ತಿತ್ತು. ಬಡಬಡ ಅಂತಲ್ಲ. ಒಂದು ಸಾಲು, ಉಸಿರು ಬಿಡುವಷ್ಟು ಹೊತ್ತು, ಇನ್ನೊಂದು ಸಾಲು. ಕೀಬೋರ್ಡ್ ಬೋರಲು ಹಾಕಿ ಕುಟ್ಟಿದೆ; ಅಕ್ಕಿಕಾಳು, ಎಳ್ಳು, ಆಯುಧಪೂಜೆಯ ಕುಂಕುಮ ಉದುರಿತು. ಬ್ರಷ್‌ನಲ್ಲಿ ಉಜ್ಜಿದೆ. ಬೇರೆ ಪೋರ್ಟಿಗೆ ಚುಚ್ಚಿದೆ. ಹೊಸ ಕೀಬೋರ್ಡ್ ತಂದೆ. ಬೆಳಿಗ್ಗೆಯೆಲ್ಲ ಸರಿ, ಮಧ್ಯಾಹ್ನ ಮತ್ತೆ ಅದೇ. ಹಲಗೂರಿನ ಮುದುಕರೊಬ್ಬರ ಪೆನ್ಷನ್ ಅರ್ಜಿ ಅರ್ಧಕ್ಕೇ ಸಲ್ಲಿಕೆಯಾಗಿ, ಅವರು ಆಫೀಸಿಗೆ ಮೂರು ಸಲ ಅಲೆದರು. ಮಧ್ಯಾಹ್ನವೆಂದರೆ ನಮ್ಮ ಯಜಮಾನರು ಅಂಗಡಿ ಮುಚ್ಚಿ ಬಂದು ಮಂಚದ ಮೇಲೆ ಒರಗಿ ಕಂಪ್ಯೂಟರ್ ನೋಡುತ್ತಿದ್ದ ಹೊತ್ತು. ಇದನ್ನು ನಾನು ಯಾರಿಗೂ ಹೇಳಲಿಲ್ಲ. ದೀಪಕ್ಕೆ ಎಣ್ಣೆ ಮಾತ್ರ ಜಾಸ್ತಿ ಹಾಕಿದೆ.

ಆ ದಿನ ಪೂರಿಗಾಲಿಯ ರೂಪಾ ಬಂದಿದ್ದಳು. ನರ್ಸಿಂಗ್ ಸೀಟಿಗೆ ಎಂಟು ಕಾಲೇಜುಗಳನ್ನು ಬೇಕಾದ ಕ್ರಮದಲ್ಲಿ ತುಂಬಬೇಕು, ನಾಲ್ಕು ಗಂಟೆಗೆ ಕೊನೆ. ಒಮ್ಮೆ ಸಲ್ಲಿಸಿದರೆ ತಿದ್ದುವ ಹಾಗಿಲ್ಲ. ಬೆಳಿಗ್ಗೆಯೆಲ್ಲ ಕರೆಂಟಿರಲಿಲ್ಲ, ಹೀಗಾಗಿ ಮಧ್ಯಾಹ್ನವೇ ಕೂರಬೇಕಾಯಿತು. ಎರಡನೇ ಕಾಲೇಜು ಹಾಕುತ್ತಿದ್ದೇನೆ, ಪಟ್ಟಂತ ಒಂದು ಚೌಕ ಮೇಲೆದ್ದಿತು: "ಸಲ್ಲಿಸಬೇಕೆ?" ಕೆಳಗೆ "ಹೌದು" ಅನ್ನುವುದು ನೀಲಿಯಾಗಿ ಮಿಂಚುತ್ತಿತ್ತು. ನನ್ನ ಎರಡೂ ಕೈ ತೊಡೆಯ ಮೇಲಿದ್ದವು.

"ಆಂಟಿ, ಯಾರು ಒತ್ತಿದ್ದು?" ಅಂದಳು ಹುಡುಗಿ.

ಇನ್ನೊಂದು ಎಂಟರ್ ಬಿದ್ದರೆ ಅವಳ ಒಂದು ವರ್ಷ ಹೋದಂತೆ. ಬಾಯಿಗೆ ಬಂದದ್ದು ಬಂದೇಬಿಟ್ಟಿತು. "ರೀ, ಸಾಕು ಬುಡಿ. ಮಗು ಬಾಳು ಕಣ್ರೀ ಇದು."

ನಿಂತಿತು. ನಿಜವಾಗಿಯೂ ನಿಂತಿತು. ಮೌಸ್‌ನಲ್ಲಿ "ಬೇಡ" ಒತ್ತಿದೆ.

ಮದ್ದೂರಿನಲ್ಲಿ ಯಜಮಾನರ ಸ್ನೇಹಿತ ಬಸವರಾಜು ಕಂಪ್ಯೂಟರ್ ರಿಪೇರಿ ಮಾಡುತ್ತಾನೆ. ಫೋನ್ ಹಚ್ಚಿದೆ.

"ಅತ್ಗೆ, ಮೊದ್ಲು ಕೀಬೋರ್ಡು ಕಿತ್ತಾಕಿ. ಬರೀ ಮೌಸಲ್ಲಿ ಖಾಲಿ ಪುಟ ತೆಗ್ದು ನೋಡಿ."

ಕಿತ್ತೆ. ಪುಟ ತೆಗೆದು ಮೂವರೂ ಕಾದೆವು, ಅವನು ಫೋನಿನ ಆ ಕಡೆ. ಸ್ವಲ್ಪ ಹೊತ್ತಿಗೆ ಗೆರೆ ಇಳಿಯಿತು. ಇನ್ನೊಂದು. ಕೀಬೋರ್ಡಿನ ವೈರು ನನ್ನ ಮಡಿಲಲ್ಲಿತ್ತು. ರೂಪಾ ಕುರ್ಚಿ ಹಿಂದಕ್ಕೆ ಎಳೆದುಕೊಂಡಳು.

"ಇಳೀತಾ ಅದೆ ಬಸವರಾಜು."

ಅವನು ಅಂದ, "ಹೆದ್ರುಕೋಬೇಡಿ. ಕ್ಯಾಬಿನೆಟ್ ತಿರುಗ್ಸಿ, ಹಿಂದುಗಡೆ ಏನೇನ್ ಚುಚ್ಚವ್ರೆ ಒಂದೊಂದೇ ಹೇಳಿ."

ಗೋಡೆಗೆ ಅಂಟಿಸಿಟ್ಟಿದ್ದ ಪೆಟ್ಟಿಗೆ ತಿರುಗಿಸಿದೆ. ವೈರುಗಳ ಸಂದಿಯಲ್ಲಿ ಉಗುರಿನಷ್ಟು ಕಪ್ಪು ತುಂಡೊಂದು ಕೂತಿತ್ತು. ಹೇಳುತ್ತಿದ್ದಂತೆ ಅವನೇ ಅಂದ: "ಅದು ರಿಸೀವರ್ರು. ವೈರಿಲ್ದಿರೋ ಕೀಬೋರ್ಡಿಂದು, ಅದ್ರಲ್ಲಿ ಒತ್ತಿದ್ನ ಇದು ಹಿಡೀತದೆ. ಮಂಚದ್ ಮೇಲೆ ಕೂತು ಒತ್ತೋಕೆ ಅಂತ ಅಣ್ಣ ನನ್ತಾವ್ಲೇ ತಗೊಂಡೋಗಿದ್ದ."

ಆ ಕೀಬೋರ್ಡನ್ನು ನನ್ನ ಕೈಯಾರೆ ಮೂಟೆಗೆ ಹಾಕಿದ್ದೆ. ತುಂಡು ಕಿತ್ತೆ, ಸಾಲು ನಿಂತವು. ಎಂಟೂ ಕಾಲೇಜು ತುಂಬಿ, ಎರಡೆರಡು ಸಲ ಓದಿಸಿ, ಮೂರೂವರೆಗೆ ಸಲ್ಲಿಸಿದೆ. ರೂಪಾಳಿಗೆ ಆಮೇಲೆ ಮಂಡ್ಯದಲ್ಲೇ ಸೀಟು ಸಿಕ್ಕಿತು.

ಅವಳನ್ನು ಬಸ್ಸಿಗೆ ಕಳಿಸಿ ಒಳಗಿನ ಕೋಣೆಯ ಪರದೆ ಸರಿಸಿದೆ. ಅತ್ತೆ ಗೋಡೆಗೆ ಒರಗಿ ಕೂತಿದ್ದರು, ಮಡಿಲ ಮೇಲೆ ಕಂಬಳಿ, ಕಂಬಳಿಯೊಳಗೆ ಕೈ. ತುಟಿ ಅಲ್ಲಾಡುತ್ತಿತ್ತು, ದೇವರ ಜಪ. ಮಾದಪ್ಪಾ, ಒಂದು ಸಲ ಬೆರಳು ಕೆಳಗೆ. ಮಾದಪ್ಪಾ, ಇನ್ನೊಂದು ಸಲ. ನನ್ನನ್ನು ಕಂಡವರೇ ಕಂಬಳಿ ಬಿಗಿಯಾಗಿ ಎಳೆದುಕೊಂಡರು.

"ಏನತ್ತೆ ಅದು?"

"ಏನೂ ಇಲ್ಲ ವೋಗು. ಪತ್ತೇದಾರಿ ಮಾಡಕ್ ಬಂದ್ಲು." ಆಮೇಲೆ ಅವರೇ ಕಂಬಳಿ ತೆಗೆದರು. ಮಡಿಲಲ್ಲಿ ಯಜಮಾನರ ಆ ವೈರಿಲ್ಲದ ಕೀಬೋರ್ಡಿತ್ತು. "ಬಟ್ಟೆನೆಲ್ಲ ಒಗ್ದು ಕೊಟ್ಬುಟ್ಟೆ ನೀನು. ಇದ್ನ ಯಾರೂ ಒಗ್ದಿರ್ನಿಲ್ಲ, ಮೂಟೆಯಿಂದ ತೆಗ್ದು ಇಷ್ಟ್ ದಿನ ಬಚ್ಚಿಟ್ಟಿದ್ದೆ. ನೋಡು, ಈ ಮಣೆ ಅವ್ನ್ ಬೆರ್ಳಿಗೆ ಸವ್ದೋಗದೆ. ಇದ್ನೂ ಕೊಟ್ಬುಟ್ಟೀಯಾ?"

ಸವೆದಿದ್ದದ್ದು ಎಂಟರ್ ಕೀ.

"ಇಲ್ಲ ಕಣತ್ತೆ. ಆದ್ರೆ ಮಧ್ಯ ಒಂದ್ಸಲ ಯಾಕೆ ನಿಲ್ಲಿಸ್ಬುಟ್ರಿ?"

"ನೀನು ನನ್ ಮಗನ್ ಜೊತೆ ಮಾತಾಡ್ತಿದ್ದೆಲ್ಲ ಕಣಮ್ಮಿ. ಗಂಡ ಎಡ್ತಿ ಮಾತಾಡೋವಾಗ ನಾನ್ಯಾಕ್ ಅಡ್ಡ ಅಂತ ಸುಮ್ಕಾದೆ."

ಒತ್ತಿದ್ದು ಪರದೆಯ ಮೇಲೆ ಮೂಡುತ್ತದೆ ಅನ್ನುವುದು ಅವರಿಗೆ ಗೊತ್ತಿಲ್ಲ. ನಾನೂ ಹೇಳಿಲ್ಲ, ಹೇಳಿದರೆ ಬಿಟ್ಟಾರು. ಅಂದಿನಿಂದ ಯಾವ ಯಂತ್ರ ಕೈಕೊಟ್ಟರೂ ಕಣ್ಣಿಗೆ ಕಾಣುವುದನ್ನು ಬೈಯುವ ಮೊದಲು ಅದರ ಬೆನ್ನ ಹಿಂದೆ ನೋಡುತ್ತೇನೆ. ಕೆಲಸ ಕಲಿಸಿದ್ದು ಅಷ್ಟು.

ರಿಸೀವರ್ ಈಗ ದೇವರ ಗೂಡಿನಲ್ಲಿ ವಿಭೂತಿ ಡಬ್ಬಿಯ ಪಕ್ಕ ಇರುತ್ತದೆ. ಮಧ್ಯಾಹ್ನ ಯಾರ ಅರ್ಜಿಯೂ ಇಲ್ಲದಿದ್ದರೆ ತಂದು ಚುಚ್ಚಿ, ಖಾಲಿ ಪುಟ ತೆಗೆದು, ಅಕ್ಕಿ ಆರಿಸುತ್ತಾ ಕೂರುತ್ತೇನೆ. ಸಾಲು ಇಳಿಯುತ್ತದೆ, ಉಸಿರಿನಷ್ಟು ಹೊತ್ತು, ಮತ್ತೊಂದು. ಯಾರ ಬೆರಳು ಅಂತ ನನಗೆ ಚೆನ್ನಾಗಿ ಗೊತ್ತು. ಆದರೂ ಒಂದೊಂದು ದಿನ ಮೆಲ್ಲಗೆ "ರೀ" ಅನ್ನುತ್ತೇನೆ. ನಿಲ್ಲುತ್ತದೆ.